ಸಿಯೆನಿಯ ಐವತ್ತನೆಯ ಗೋಲು

ಸಿಯೆನಿ ತಾಫುನಾ ಅವರು ದೇಶದ ಪರವಾಗಿ ಒಟ್ಟು ನಲವತ್ತೊಂಬತ್ತು ಅಂತರರಾಷ್ಟ್ರೀಯ ಗೋಲುಗಳನ್ನು ಹೊಡೆದಿರುತ್ತಾರೆ. ಇದು ಮಂಡಳಿಯ ದಾಖಲೆಯಲ್ಲಿರುವ ಸಂಖ್ಯೆ, ಮೊಹರು ಬಿದ್ದ ಸಂಖ್ಯೆ. ಇದರ ಮೇಲೆ ಅವರು ಹೊಡೆದ ಗೋಲುಗಳನ್ನು ಊರೆಲ್ಲ ಕಣ್ಣಾರೆ ಕಂಡಿದೆ. ಆದರೆ ಕಣ್ಣಿಗೆ ಮೊಹರಿರುವುದಿಲ್ಲ.

ಮಂಡಳಿ ಎಂದರೆ ನಮ್ಮ ಸಮೋವಾದ ಹೆಣ್ಣುಮಕ್ಕಳ ಕಾಲ್ಚೆಂಡು ಮಂಡಳಿ. ಅದರ ನಡಾವಳಿ ಬರೆಯುವ ಕೆಲಸ ನನ್ನದು. ಆದ್ದರಿಂದ ಇಲ್ಲಿ ಹೇಳುವುದೆಲ್ಲ ನಡೆದದ್ದು ಮಾತ್ರವಲ್ಲ, ಅಂಗೀಕಾರವಾದದ್ದೂ ಹೌದು.

ಸಿಯೆನಿ ಹುಟ್ಟಿದ್ದು ಸವಾಯಿ ದ್ವೀಪದ ಸಲೇಮೋವಾ ಎಂಬ ಊರಿನಲ್ಲಿ. ತಾಯಿ ಮಾನೈಮಾ ಚಾಪೆ ನೇಯುವವಳು. ಒಂಬತ್ತನೇ ವಯಸ್ಸಿನಲ್ಲಿ ಸಿಯೆನಿ ಹಲಸಿನಂಥ ಬ್ರೆಡ್‌ಫ್ರೂಟ್ ಮರಕ್ಕೂ ಪಾದ್ರಿಯ ಬಟ್ಟೆ ಒಣಹಾಕುವ ಹಗ್ಗಕ್ಕೂ ನಡುವೆ ತನ್ನ ಮೊದಲ ಗೋಲು ಹೊಡೆದಳು. ಚೆಂಡು ಹೋಗುವಾಗ ಪಾದ್ರಿಯ ಭಾನುವಾರದ ಬಿಳಿ ಅಂಗಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ನೆಲದ ಒಲೆಯಲ್ಲಿ ಬೇಯುತ್ತಿದ್ದ ಕೆಸುವಿನ ಗೆಡ್ಡೆಗಳ ಮೇಲೆ ಹೊದಿಸಿತು. ಊರ ಹಿರಿಯರ ಸಭೆ ಸೇರಿ ಮಾನೈಮಾಳಿಗೆ ಒಂದು ಹಂದಿಯ ದಂಡ ಹಾಕಿತು. ಹಂದಿಯನ್ನು ಸಭೆಯೇ ತಿಂದು, ಕೈ ತೊಳೆದ ಮೇಲೆ, ಗೋಲು ನಿಯಮಬದ್ಧವಾಗಿತ್ತೆಂದು ಸರ್ವಾನುಮತದಿಂದ ತೀರ್ಮಾನಿಸಿತು.

ಹದಿನೆಂಟಕ್ಕೆ ರಾಷ್ಟ್ರೀಯ ತಂಡ. ಮೊದಲ ಪಂದ್ಯದಲ್ಲೇ ಮೂರು ಗೋಲು. ಆಮೇಲಿನ ಹದಿಮೂರು ವರ್ಷಗಳಲ್ಲಿ ಎಡಗಾಲಿಂದ, ಬಲಗಾಲಿಂದ, ತಲೆಯಿಂದ, ಒಮ್ಮೆ ಬೆನ್ನು ತಿರುಗಿಸಿ ಕೂದಲು ಕಟ್ಟಿಕೊಳ್ಳುತ್ತಿದ್ದಾಗ ಮೊಣಕೈಯಲ್ಲದ ಯಾವುದೋ ಭಾಗದಿಂದ, ಹೀಗೆ ನಲವತ್ತೊಂಬತ್ತು. ಈ ಸಾಗರದ ಹೆಣ್ಣುಮಕ್ಕಳ ದಾಖಲೆಯೂ ಆಗ ನಲವತ್ತೊಂಬತ್ತೇ. ಅದು ತಾಹಿತಿಯ ಒಬ್ಬಾಕೆಯದು. ಆಕೆ ಆಟ ಬಿಟ್ಟು ವೆನಿಲಾ ತೋಟ ಮಾಡಿಕೊಂಡಿದ್ದಳು. ಇನ್ನೊಂದು ಗೋಲು ಬಿದ್ದರೆ ದಾಖಲೆ ಸಿಯೆನಿಯದು. ಅವಳಿಗೆ ಆಗ ಮೂವತ್ತೊಂದು ವರ್ಷ, ಎಡಮಂಡಿಯಲ್ಲಿ ಸಣ್ಣಗೆ ಕಟಕಟ ಸದ್ದು.

ಇಲ್ಲಿ ಸುತ್ತೋಲೆ ಸಂಖ್ಯೆ ಹದಿನೇಳರ ವಿಷಯ ಹೇಳಬೇಕು.

ಅದರ ಹಿಂದಿನ ವರ್ಷ ಫಿಜಿಯ ವಿರುದ್ಧ ಫ್ರೀ ಕಿಕ್ ಸಿಕ್ಕಾಗ ನಮ್ಮ ಇಬ್ಬರು ಆಟಗಾರ್ತಿಯರು ಎರಡು ಕಡೆಯಿಂದ ಓಡಿಬಂದು ಒಬ್ಬರ ಮೊಣಕಾಲನ್ನೊಬ್ಬರು ಒದ್ದುಕೊಂಡಿದ್ದರು. ಚೆಂಡಿಗೆ ಯಾವ ಪೆಟ್ಟೂ ಆಗಿರಲಿಲ್ಲ. ಮಂಡಳಿಯ ಅಧ್ಯಕ್ಷರಾದ ಗಲುವಾವೊ ಅವರು ಇದನ್ನು ಗಂಭೀರವಾಗಿ ಪರಿಗಣಿಸಿದರು. ಗಲುವಾವೊ ತಮ್ಮ ಊರಿನ ಮಾತುಗಾರ ಮುಖಂಡರು. ಕೈಯಲ್ಲಿ ಕೋಲು, ಹೆಗಲ ಮೇಲೆ ನಾರಿನ ಚಾಮರ, ಬಾಯಲ್ಲಿ ಹದಿನಾಲ್ಕು ತಲೆಮಾರಿನ ವಂಶಾವಳಿ.

"ಈ ಮೂಲಕ ಸಮಸ್ತ ಆಟಗಾರ್ತಿಯರಿಗೆ ತಿಳಿಯಪಡಿಸುವುದೇನೆಂದರೆ," ಎಂದು ಸುತ್ತೋಲೆ ಶುರುವಾಗುತ್ತದೆ, "ನಿಂತ ಚೆಂಡನ್ನು ಒದೆಯುವುದು ಓಡುವ ಚೆಂಡನ್ನು ಒದೆಯುವಂತಹ ಸಾಮಾನ್ಯ ಕಾರ್ಯವಲ್ಲ. ಓಡುವ ಚೆಂಡು ಯಾರದೂ ಅಲ್ಲ. ನಿಂತ ಚೆಂಡು ಗೌರವದ ವಿಷಯ. ಆದಕಾರಣ ಅದನ್ನು ಒದೆಯುವ ಹಕ್ಕು ಯಾರದೆಂಬುದನ್ನು ಫಾಅತಾವು ಮೂಲಕವೇ ತೀರ್ಮಾನಿಸತಕ್ಕದ್ದು."

ಫಾಅತಾವು ನಮಗೆ ಹೊಸದಲ್ಲ. ಮದುವೆ, ಸಾವು, ಚರ್ಚಿಗೆ ಹೊಸ ಚಾವಣಿ, ಎಲ್ಲಿ ಭಾಷಣವಿದೆಯೋ ಅಲ್ಲಿ ಭಾಷಣಕ್ಕೆ ಮುಂಚೆ ಮಾತುಗಾರರೆಲ್ಲ ಎದ್ದು ನಿಂತು "ಈ ದಿನದ ಮಾತು ನನ್ನದು" ಅನ್ನುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ, ತಮ್ಮ ಮನೆತನದ ಹಿರಿಮೆ ಹೇಳಿಕೊಂಡು, ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಡುತ್ತಾರೆ. ಕೊನೆಗೆ ಮಾತಾಡುವವರು ಯಾರೆಂದು ಹಾಲು ಕುಡಿಯುವ ಕೂಸಿಗೂ ಮೊದಲೇ ಗೊತ್ತಿರುತ್ತದೆ. ಗೊತ್ತಿದೆಯಲ್ಲ ಅಂತ ಕೇಳದೆ ಬಿಟ್ಟರೆ ಮಾತ್ರ ಮೂರು ತಲೆಮಾರು ಮಾತು ಬಿಡುತ್ತಾರೆ.

ಹೀಗೆ ಒಂದು ವರ್ಷ ನಮ್ಮ ಫ್ರೀ ಕಿಕ್‌ಗಳು ಸರಾಸರಿ ಇಪ್ಪತ್ತೈದು ನಿಮಿಷ ತೆಗೆದುಕೊಂಡವು. ಎದುರಾಳಿ ತಂಡದವರು ಮೈದಾನಕ್ಕೆ ಬರುವಾಗ ಇಸ್ಪೀಟು ತರುವುದನ್ನು ಕಲಿತರು.

ಆಮೇಲೆ ಆ ಶನಿವಾರ ಬಂತು. ಟೋಂಗಾ ವಿರುದ್ಧ ಪಂದ್ಯಾವಳಿಯ ಕೊನೆಯ ಪಂದ್ಯ. ಒಂದಕ್ಕೆ ಒಂದು ಸಮ. ತೊಂಬತ್ತನೆಯ ನಿಮಿಷದಲ್ಲಿ ಸಿಯೆನಿಯನ್ನು ಯಾರೋ ಕಾಲು ಕೊಟ್ಟು ಬೀಳಿಸಿದರು. ಫಿಜಿಯಿಂದ ಬಂದಿದ್ದ ರೆಫರಿ ವಿಲಿಸೋನಿ ಸೀಟಿ ಊದಿ ಪೆನಾಲ್ಟಿ ಕೊಟ್ಟ. ಸಿಯೆನಿ ಎದ್ದು ಚೆಂಡಿಗೆ ಕೈ ಚಾಚಿದಳು.

"ಕೊಡ್ರೇ, ಒದ್ದುಬಿಡ್ತೀನಿ."

"ಒದ್ಬಿಡು ತಾಯಿ, ನಿಂದೇ ಅದು," ಅಂದಳು ಎಸೆಟಾ, ನಮ್ಮ ಬಲಬದಿಯ ರಕ್ಷಣೆಯವಳು. "ಆದ್ರೆ ಕೇಳದೇನೇ ಒದ್ರೆ ನಮ್ಮಜ್ಜಿ ಏನಂದ್ಕೋತಾಳೆ ಹೇಳು."

"ನಿಮ್ಮಜ್ಜಿ ಸತ್ತು ಒಂಬತ್ತು ವರ್ಷ ಆಯ್ತಲ್ಲೇ!"

"ಅದಕ್ಕೇ ಕಣೇ. ಬದುಕಿದ್ದಿದ್ರೆ ಹೇಗೋ ಒಪ್ಪಿಸ್ತಿದ್ದೆ."

ಹತ್ತು ಜನ ಸಾಲಾಗಿ ನಿಂತರು. ಫಾಅತಾವು ಆರಂಭವಾಯಿತು.

ಅದೇ ಹೊತ್ತಿಗೆ ಅಧ್ಯಕ್ಷ ಗಲುವಾವೊ ಅವರು ಮೈದಾನದ ಹಿಂದಿನ ಕಚೇರಿಯಲ್ಲಿ ತಮ್ಮ ಸಾಮಾನು ಕಟ್ಟುತ್ತಿದ್ದರು. ಮಂಡಳಿಯ ಬೈಲಾ ಪ್ರಕಾರ ಅಧ್ಯಕ್ಷರ ಅಧಿಕಾರಾವಧಿ ಪಂದ್ಯಾವಳಿಯ ಕೊನೆಯ ಪಂದ್ಯದ ಕೊನೆಯ ಸೀಟಿಗೆ ಮುಗಿಯತಕ್ಕದ್ದು, ಬಳಿಕ ಚುನಾವಣೆ. ಕ್ಯಾಲೆಂಡರ್, ಕೋಕೋ ಕುಡಿಯುವ ಬಟ್ಟಲು ಮತ್ತು, ನೆನಪಿನ ಕಾಣಿಕೆಯಾಗಿ, ಮಂಡಳಿಯ ಚಾವಣಿಯ ಫ್ಯಾನು ಇವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಗೆ ಬಂದವರು ನನ್ನನ್ನು ಕೇಳಿದರು.

"ಕೊನೇ ಸೀಟಿ ಆಯ್ತೇನಮ್ಮ?"

"ಇಲ್ಲ ದೊರೆ. ಪೆನಾಲ್ಟಿ. ಫಾಅತಾವು ನಡೀತಿದೆ."

"ಎಷ್ಟನೆಯವಳು?"

"ಎರಡನೆಯವಳು. ಅವರ ಮುತ್ತಜ್ಜನ ದೋಣಿ ಈಗಷ್ಟೇ ದಡ ಬಿಟ್ಟಿದೆ."

ಗಲುವಾವೊ ಸ್ವಲ್ಪ ಹೊತ್ತು ಮೈದಾನದ ಕಡೆ ನೋಡಿದರು. ಪೆಟ್ಟಿಗೆ ಕೆಳಗಿಟ್ಟರು. "ಮಕ್ಕಳಿಗೆ ಅವಸರ ಮಾಡಬೇಡಿ," ಅಂದರು. "ಮನಸ್ಸು ಬಿಚ್ಚಿ ಮಾತಾಡಲಿ."

ಸಂಜೆಯ ಪ್ರಾರ್ಥನೆಗೆ ಶಂಖ ಊದಿದಾಗ ಎಲ್ಲರೂ ಇದ್ದಲ್ಲೇ ಕೂತರು. ಮಾರನೆಯ ದಿನ ಭಾನುವಾರ, ಚೆಂಡು ಮುಟ್ಟುವಂತಿಲ್ಲ. ಸೋಮವಾರ ಆಟಗಾರ್ತಿಯರಿಗೆ ಬ್ಯಾಂಕು, ಶಾಲೆ, ಮೀನುಪೇಟೆ ಇದ್ದವು. ಆದ್ದರಿಂದ ಫಾಅತಾವನ್ನು ಪ್ರತಿ ಶನಿವಾರ ಮಧ್ಯಾಹ್ನ ಎರಡರಿಂದ ಪ್ರಾರ್ಥನೆಯವರೆಗೆ ಮುಂದುವರಿಸುವುದೆಂದು ನಿರ್ಣಯವಾಯಿತು. ಸೋಮವಾರ ಬೆಳಿಗ್ಗೆ ನಾನು ಕಚೇರಿಗೆ ಹೋದಾಗ ಫ್ಯಾನು ಮೇಲೆ ತಿರುಗುತ್ತಿತ್ತು.

ಆ ವಾರವೇ ಸುತ್ತೋಲೆ ಹದಿನೆಂಟು ಹೊರಟಿತು: "ಸಂಕ್ಷಿಪ್ತವಾಗಿ ಮಾತಾಡುವುದು ಪೂರ್ವಜರಿಗೆ ಮಾಡುವ ಅಪಚಾರ." ಸುತ್ತೋಲೆ ಹತ್ತೊಂಬತ್ತು: "ಮಾತಾಡುತ್ತಿರುವ ಆಟಗಾರ್ತಿಗೂ ಅವಳ ಕುಟುಂಬಕ್ಕೂ ಮಾತು ಮುಗಿಯುವವರೆಗೆ ಮಂಡಳಿಯ ವತಿಯಿಂದ ಶನಿವಾರದ ಊಟ." ಊಟವೆಂದರೆ ಸುಟ್ಟ ಹಂದಿ, ಕೆಸುವಿನ ಗೆಡ್ಡೆ, ತೆಂಗಿನ ಹಾಲಿನಲ್ಲಿ ಬೇಯಿಸಿದ ಎಲೆ. ಮೊದಲ ಇಬ್ಬರು ಆ ಮೊದಲ ಶನಿವಾರವೇ ಬಿಟ್ಟುಕೊಟ್ಟಿದ್ದರು. ಮೂರನೆಯವಳಿಗೆ ನಲವತ್ತು ಶನಿವಾರ ಬೇಕಾಯಿತು. ಅವಳ ಕುಟುಂಬ ದೊಡ್ಡದು.

ಟೋಂಗಾದವರು ಸಭ್ಯರು. ಒಂದು ತಿಂಗಳು ಕಾದು, ಆಮೇಲೆ ಕ್ಷಮೆ ಕೇಳಿ ಊರಿಗೆ ಹೊರಟರು. ತಂಡದಲ್ಲಿ ಏಳಕ್ಕಿಂತ ಕಡಿಮೆ ಜನರಿದ್ದರೆ ಪಂದ್ಯ ನಿಲ್ಲಿಸಬೇಕೆಂಬ ನಿಯಮವನ್ನು ಯಾರೋ ಎತ್ತಿದರು. ಹೊರಟ ಹತ್ತು ಮಂದಿ ನೀರು ಕುಡಿಯಲು ಹೋಗಿರುತ್ತಾರೆಂದು ನಡಾವಳಿಯಲ್ಲಿ ದಾಖಲಿಸಿ ಅಧ್ಯಕ್ಷರು ಆ ತೊಡಕು ಬಿಡಿಸಿದರು. ಗೋಲ್‌ಕೀಪರ್ ಮೆಲೆನೈತೆ ಮಾತ್ರ ಹೋಗುವಂತಿರಲಿಲ್ಲ. ಚೆಂಡು ಒದೆಯುವವರೆಗೆ ಗೋಲ್‌ಕೀಪರ್ ಗೆರೆಯ ಮೇಲಿರಬೇಕು.

"ಊಟಕ್ಕೆ ಹೋಗ್ಬಹುದಾ?" ಎಂದು ಅವಳು ರೆಫರಿಯನ್ನು ಕೇಳಿದಳು.

"ಗೆರೆ ಮೇಲೆ ಅತ್ತಿತ್ತ ಓಡಾಡಬಹುದು ಅಂತಿದೆ," ಅಂದ ವಿಲಿಸೋನಿ. "ಗೆರೆ ಎಲ್ಲಿ ಮುಗಿಯುತ್ತೆ ಅಂತ ನಾನು ತುಂಬ ನೋಡೋಕೆ ಹೋಗಲ್ಲ. ಶನಿವಾರ ಎರಡು ಗಂಟೆಗೆ ಮಾತ್ರ ಇರಮ್ಮ."

ವಿಲಿಸೋನಿ ಪ್ರಾಮಾಣಿಕ ಮನುಷ್ಯ. ಅಷ್ಟು ಪ್ರಾಮಾಣಿಕರಿಂದ ಎಷ್ಟು ತೊಂದರೆಯಾಗಬಹುದೆಂದು ನಮಗೆ ಆಗ ಗೊತ್ತಿರಲಿಲ್ಲ. ಅವನೂ ಊರಿಗೆ ಹೋಗದೆ ಪಾದ್ರಿಯ ಮನೆಯಲ್ಲಿ ಒಂದು ಕೋಣೆ ಹಿಡಿದು, ಪ್ರತಿ ಶನಿವಾರ ತನ್ನ ಸಣ್ಣ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದ. ಮೆಲೆನೈತೆ ಎರಡನೆಯ ವರ್ಷ ಮಂಡಳಿಯ ಡ್ರೈವರನ್ನು ಮದುವೆಯಾದಳು. ಗೋಲಿನ ಹಿಂದೆ ಕೆಸು ನೆಟ್ಟಳು. ಮೂರನೆಯ ವರ್ಷ ಅವಳ ಹೆಣ್ಣುಮಗು ಗೋಲ್ ಕಂಬ ಹಿಡಿದು ನಡೆಯಲು ಕಲಿಯಿತು.

ಈ ಕಾಲದಲ್ಲಿ ಸಿಯೆನಿ ಏನು ಮಾಡುತ್ತಿದ್ದಳು? ಕಾಯುತ್ತಿದ್ದಳು. ಪ್ರತಿ ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ಓಡಿ, ಮಂಡಿಗೆ ತೆಂಗಿನೆಣ್ಣೆ ತಿಕ್ಕಿ, ಒಣ ತೆಂಗಿನಕಾಯಿಗೆ ನೂರು ಸಲ ಒದೆಯುತ್ತಿದ್ದಳು. ಬೇರೆ ಪಂದ್ಯ ಆಡೋಣವೆಂದರೆ ನಿಯಮ ಅಡ್ಡ ಬಂತು: ಒಂದು ಪಂದ್ಯದಲ್ಲಿ ಆಡುತ್ತಿರುವವರು ಅದೇ ಹೊತ್ತಿಗೆ ಇನ್ನೊಂದು ಪಂದ್ಯದಲ್ಲಿ ಆಡುವಂತಿಲ್ಲ. ಆಕ್ಲೆಂಡಿನ ಒಂದು ಕ್ಲಬ್ಬು ಅವಳನ್ನು ಕರೆದು ಫೋನು ಮಾಡಿತು. ನಾನೇ ಎತ್ತಿಕೊಂಡೆ. "ಅವರು ಆಡುತ್ತಿದ್ದಾರೆ, ಬಿಡುವಾದಾಗ ತಿಳಿಸುತ್ತೇವೆ," ಎಂದು ಹೇಳಲು ನನಗೆ ಆದೇಶವಿತ್ತು. ಮೂರು ವರ್ಷ ಆ ಕ್ಲಬ್ಬಿನವರು ಫೋನು ಮಾಡುತ್ತಲೇ ಇದ್ದರು. ಆಮೇಲೆ ಫೋನು ಮಾಡುತ್ತಿದ್ದವರಿಗೇ ವಯಸ್ಸಾಯಿತು.

ತಾಹಿತಿಯಾಕೆಯೂ ವರ್ಷಕ್ಕೊಂದು ಕಾಗದ ಬರೆಯುತ್ತಿದ್ದಳು. ಒಂದೇ ಸಾಲು. "ಆಯಿತೇ? ಅಭಿನಂದನೆಯ ಕಾಗದ ಬರೆದಿಟ್ಟಿದ್ದೇನೆ, ಹುಳ ಹಿಡಿಯುತ್ತಿದೆ."

ಆರೂವರೆ ವರ್ಷಕ್ಕೆ ಒಂಬತ್ತು ಮಂದಿ ಬಿಟ್ಟುಕೊಟ್ಟಿದ್ದರು. ಉಳಿದದ್ದು ಎಸೆಟಾ ಒಬ್ಬಳೇ. ಅಧ್ಯಕ್ಷರು ಅವಳನ್ನು 'ಮಾತುಕತೆಯ ವಿಶೇಷಾಧಿಕಾರಿ' ಎಂದು ನೇಮಿಸಿ, ಊಟವನ್ನು ಬುಧವಾರಕ್ಕೂ ವಿಸ್ತರಿಸಿದರು. ಎಸೆಟಾ ಅಜ್ಜಿಯಿಂದ ಆರಂಭಿಸಿ ಅಜ್ಜಿಯ ಕೋಳಿಗಳವರೆಗೆ ಬಂದಿದ್ದಳು. ಕೋಳಿಗಳು ಬಹಳ ಇದ್ದವು.

ಒಂದು ಮಧ್ಯಾಹ್ನ ಸಿಯೆನಿ ಗೋಲ್ ಕಂಬಕ್ಕೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಮೆಲೆನೈತೆ ಕೆಸುವಿನ ಸಿಪ್ಪೆ ಹೆರೆಯುತ್ತಿದ್ದಳು.

"ಮೂವತ್ತೆಂಟಾಯ್ತು ಮೆಲೆ. ಮೆಟ್ಟಿಲು ಹತ್ತುವಾಗ ಮಂಡಿ ಬಾಗಿಲು ತೆಗೆದ ಹಾಗೆ ಕಿರ್ ಅನ್ನುತ್ತೆ. ಒಂದೇ ಒಂದು ಒದೆ ಕಣೇ ನಾನು ಕೇಳಿದ್ದು. ಒಂದು."

"ಒದ್ರೂ ನಾನು ಹಿಡಿದುಬಿಡ್ತೀನಿ."

"ಹಿಡಿ. ಪರವಾಗಿಲ್ಲ. ಹಿಡಿದ್ರೆ ಹಿಡಿದಳು ಅಂತಾದ್ರೂ ಆಗುತ್ತಲ್ಲ. ಇದೇನಿದು, ಆಗಿಯೂ ಇಲ್ಲ, ಆಗದೆಯೂ ಇಲ್ಲ."

ಇದನ್ನು ಬುತ್ತಿ ತಂದಿದ್ದ ಮಾನೈಮಾ ಕೇಳಿಸಿಕೊಂಡಳು. ಮನೆಗೆ ಹೋಗಿ ಪೆಟ್ಟಿಗೆ ತೆಗೆದಳು.

ಮಾರನೆಯ ಬೆಳಿಗ್ಗೆ ಎಸೆಟಾಳ ಮನೆಯ ಮುಂದೆ, ಬಿಸಿಲಿನಲ್ಲಿ, ಮಾನೈಮಾ ನೆಲದ ಮೇಲೆ ಕೂತಿದ್ದಳು. ತಲೆಯ ಮೇಲಿಂದ ಪಾದದವರೆಗೆ ತಾನು ನಾಲ್ಕು ವರ್ಷ ಕೂತು ನೇಯ್ದ ನಯವಾದ ಚಾಪೆ ಹೊದ್ದಿದ್ದಳು. ಇದನ್ನು ಕಂಡರೆ ನಮ್ಮಲ್ಲಿ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಕೊಲೆಯಂಥ ದೊಡ್ಡ ತಪ್ಪಾದಾಗ ತಪ್ಪು ಮಾಡಿದವರ ಕಡೆಯವರು ಹೀಗೆ ಬಂದು ಕೂತು ಕ್ಷಮೆ ಬೇಡುತ್ತಾರೆ. ಮನೆಯವರು ಬಂದು ಚಾಪೆ ತೆಗೆದು ಒಳಗೆ ಕರೆಯುವವರೆಗೆ ಏಳುವುದಿಲ್ಲ. ಕರೆಯದಿದ್ದರೆ ಅವಮಾನ ಮನೆಯವರಿಗೆ.

ಎಸೆಟಾ ಹಲ್ಲುಜ್ಜುತ್ತಾ ಹೊರಗೆ ಬಂದವಳು ಬ್ರಷ್ ಕೆಳಗೆ ಹಾಕಿದಳು.

"ಅಯ್ಯಯ್ಯೋ! ದೊಡ್ಡಮ್ಮಾ! ಏನಾಯ್ತು? ಯಾರು ಸತ್ತರು?"

"ಯಾರೂ ಇಲ್ಲ," ಚಾಪೆಯ ಒಳಗಿಂದ ಮಾನೈಮಾ.

"ಮತ್ತೆ ಏನು ತಪ್ಪು ಮಾಡಿದ್ದೀರಿ?"

"ಇನ್ನೂ ಮಾಡಿಲ್ಲ ಮಗಳೇ. ಶನಿವಾರ ನೀನು ಬಿಟ್ಟುಕೊಡದಿದ್ರೆ ಮಾಡೋಳಿದ್ದೀನಿ. ವಯಸ್ಸಾಯ್ತು, ಆಮೇಲೆ ಬಂದು ಕೂರೋಕೆ ಆಗುತ್ತೋ ಇಲ್ವೋ. ಮೊದಲೇ ಕ್ಷಮೆ ಕೇಳಿಬಿಡೋಣ ಅಂತ ಬಂದೆ."

ಎಸೆಟಾಳ ಗಂಡ ಬಾಗಿಲ ಸಂದಿಯಿಂದ ಇಣುಕಿ, "ಏನು ಮಾಡ್ತಾರಂತೆ?" ಎಂದು ಕೇಳಿದ.

"ಅದನ್ನಿನ್ನೂ ಯೋಚಿಸ್ತಿದ್ದೀನಿ," ಅಂದಿತು ಚಾಪೆ. "ಆದ್ರೆ ಚಾಪೆ ದೊಡ್ಡದೇ ತಂದಿದ್ದೀನಿ."

ಮಧ್ಯಾಹ್ನದ ಹೊತ್ತಿಗೆ ಅರ್ಧ ಊರು ಬಂದು ನಿಂತಿತ್ತು. ಬುಧವಾರದ ಊಟದ ಬುಟ್ಟಿ ಹೊತ್ತು ಬಂದ ಮಂಡಳಿಯ ಜವಾನ ಚಾಪೆಯನ್ನು ದಾಟಿ ಹೋಗಲಾರದೆ ಬುಟ್ಟಿಯೊಂದಿಗೆ ವಾಪಸಾದ. ಮೂರು ಗಂಟೆಗೆ ಎಸೆಟಾ ಅಳುತ್ತಾ ಬಂದು ಚಾಪೆ ತೆಗೆದಳು.

ಶನಿವಾರ ಎರಡು ಗಂಟೆ ಮೂರು ನಿಮಿಷಕ್ಕೆ ಅವಳು ಬಿಟ್ಟುಕೊಟ್ಟಳು. ಅಜ್ಜಿಯ ಉಳಿದ ಕೋಳಿಗಳನ್ನು ಓದಲಾಗಿದೆಯೆಂದು ಭಾವಿಸತಕ್ಕದ್ದೆಂದು ನಡಾವಳಿಯಲ್ಲಿ ಬರೆಸಿದಳು.

ಅಧ್ಯಕ್ಷರು ಬೆವರು ಒರೆಸಿಕೊಂಡರು. ಚೆಂಡಿಗೆ ಗಾಳಿಯಿಲ್ಲವೆಂದು ಆಕ್ಷೇಪ ಎತ್ತಿದರು. ಗಾಳಿ ತುಂಬಿದರು. ಚೆಂಡಿಡುವ ಜಾಗದಲ್ಲಿ ಪೊದೆ ಬೆಳೆದಿದೆಯೆಂದರು. ಕಿತ್ತರು. ಇನ್ನೇನೂ ಉಳಿಯಲಿಲ್ಲ.

ಸಿಯೆನಿ ನಾಲ್ಕು ಹೆಜ್ಜೆ ಹಿಂದೆ ಹೋದಳು. ಏಳು ವರ್ಷ ಪಕ್ಕದಲ್ಲೇ ಕೂತು ಅವಳ ಕಾಲನ್ನೇ ನೋಡಿದ್ದ ಮೆಲೆನೈತೆಗೆ ಚೆಂಡು ಎಡಕ್ಕೆ ಬರುತ್ತದೆಂದು ಖಚಿತವಿತ್ತು. ಎಡಕ್ಕೇ ಬಂತು. ಅವಳು ಎಡಕ್ಕೇ ಹಾರಿದಳು. ಆದರೆ ಏಳು ವರ್ಷದಿಂದ ಹಾರಿರಲಿಲ್ಲ. ನೆಲ ಅವಳೆಣಿಸಿದ್ದಕ್ಕಿಂತ ಬೇಗ ಬಂತು. ಚೆಂಡು ಅವಳ ಬೆರಳ ಮೇಲಿಂದ ಹೋಗಿ ಬಲೆ ಮುಟ್ಟಿತು.

ಮಾನೈಮಾಳ ಕೂಗಿಗೆ ಚರ್ಚಿನ ಪಾರಿವಾಳಗಳೆಲ್ಲ ಎದ್ದವು. ಹತ್ತು ಮಂದಿಯೂ ಸಿಯೆನಿಯ ಮೇಲೆ ಬಿದ್ದರು. ಎಲ್ಲರಿಗಿಂತ ಕೆಳಗೆ ಸಿಯೆನಿ, ಮೇಲೆ ಎಸೆಟಾ, ಮಂಡಳಿಯ ಊಟದಿಂದ ಈಗ ಇಮ್ಮಡಿ ಭಾರದವಳು.

ಕಚೇರಿಯಲ್ಲಿ ಅಧ್ಯಕ್ಷರು ಕುರ್ಚಿ ಹತ್ತಿ ಫ್ಯಾನಿನ ತಿರುಪು ಬಿಚ್ಚುತ್ತಿದ್ದರು. ಬಿಚ್ಚುತ್ತಾ ಬಿಚ್ಚುತ್ತಾ ಕಿಟಕಿಯಿಂದಲೇ, ಸೋತ ದನಿಯಲ್ಲಿ, "ರೆಫರಿ ಸಾಹೇಬ್ರೇ, ಹೆಚ್ಚುವರಿ ಸಮಯ ಏನಾದ್ರೂ ಇದೆಯೇ?" ಅಂದರು.

ವಿಲಿಸೋನಿ ಪುಸ್ತಕ ತೆಗೆದ. ಕನ್ನಡಕ ಹಾಕಿದ. "ಇದೆ. ಆಟ ನಿಂತಿದ್ದ ಸಮಯವನ್ನು ಸೇರಿಸಲೇಬೇಕು. ಏಳು ವರ್ಷ, ಎರಡು ತಿಂಗಳು, ನಾಲ್ಕು ದಿನ, ಮೂವತ್ತೈದು ನಿಮಿಷ."

ಫ್ಯಾನಿನ ತಿರುಪು ಮತ್ತೆ ಬಿಗಿಯಾಗುವ ಸದ್ದು ಸ್ಪಷ್ಟವಾಗಿ ಕೇಳಿಸಿತು.

ಸಿಯೆನಿ ಮೈ ಕೊಡವಿಕೊಂಡು ನನ್ನ ಮೇಜಿಗೆ ಬಂದಳು. "ಐವತ್ತು ಅಂತ ಬರ್ಕೋ."

"ಬರಿಯೋಕೆ ಬರಲ್ಲ ಸಿಯೆನಿ. ಗೋಲುಗಳನ್ನು ಪಂದ್ಯ ಮುಗಿದ ಮೇಲೆಯೇ ದಾಖಲಿಸತಕ್ಕದ್ದು ಅಂತಿದೆ."

"ಯಾವ ಸುತ್ತೋಲೆ?"

"ಇದು ಸುತ್ತೋಲೆ ಅಲ್ಲ, ಹಿಂದಿನಿಂದಲೂ ಇದೆ. ಯಾವ ಪಂದ್ಯವೂ ಇಷ್ಟು ಹೊತ್ತು ನಡೆದಿರಲಿಲ್ಲ, ಅಷ್ಟೇ."

ಅವಳು ಹೋಗಿ ಮೈದಾನದ ನಟ್ಟನಡುವೆ ಕೂತುಬಿಟ್ಟಳು. ಮುಖ ಮಂಡಿಯೊಳಗೆ. ಯಾರಿಗೂ ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಮೆಲೆನೈತೆ ಮಾತ್ರ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಕುಂಟುತ್ತಾ ಬಂದಳು.

"ಏಳೇ. ದಾರಿ ಬಿಡು. ಗೋಲಾದ್ಮೇಲೆ ನಡುವಿಂದ ಚೆಂಡು ಶುರು ಮಾಡಬೇಕು, ನಮ್ಮ ಕಡೆಯವಳು ನಾನೊಬ್ಬಳೇ."

"ಸುಮ್ನಿರೇ ಮೆಲೆ."

"ಏಳು ವರ್ಷ ಸುಮ್ನೇ ಇದ್ದೆ. ಒಂದು ಚೆಂಡಾದ್ರೂ ಬಂತಾ ನನ್ನ ಕಡೆ? ಇವತ್ತು ಒಂದು ಬಂತು, ಅದನ್ನೂ ಬಿಟ್ಟೆ. ಇನ್ನೇಳು ವರ್ಷ ಇದೆಯಂತೆ. ಕೂತು ಅಳ್ತೀಯೋ, ಆಡ್ತೀಯೋ?"

ಸಿಯೆನಿ ತಲೆ ಎತ್ತಿ ನೋಡಿದಳು. ಮೆಲೆನೈತೆ ಚೆಂಡನ್ನು ನಡುವೆ ಇಟ್ಟು, ತಾನೇ ಒದ್ದು, ತಾನೇ ತಿರುಗಿ ಗೋಲಿನ ಕಡೆ ಓಡತೊಡಗಿದಳು. ಅರ್ಧ ದಾರಿಯಲ್ಲಿ ಸಿಯೆನಿ ಅವಳನ್ನು ದಾಟಿದಳು.

ಓಡುವ ಚೆಂಡಿಗೆ ಯಾರನ್ನೂ ಕೇಳಬೇಕಿಲ್ಲ. ಶಂಖ ಊದುವ ಹೊತ್ತಿಗೆ ಒಂಬತ್ತು ಗೋಲು.

ಅಲ್ಲಿಂದ ಈಗ ಎರಡು ವರ್ಷ. ಪ್ರತಿ ಶನಿವಾರ ಸಿಯೆನಿ ಬಂದು ಏಳೋ ಎಂಟೋ ಗೋಲು ಹೊಡೆದು, ಮಂಡಿಗೆ ಎಣ್ಣೆ ತಿಕ್ಕಿಕೊಂಡು ಹೋಗುತ್ತಾಳೆ. ಮೆಲೆನೈತೆ ಅಪರೂಪಕ್ಕೆ ಒಂದೆರಡು ಹಿಡಿಯುತ್ತಾಳೆ. ಆ ದಿನ ಅವಳ ಮನೆಯಲ್ಲಿ ವಿಶೇಷ ಅಡುಗೆ. ಜನ ಚಾಪೆ, ಕೊಡೆ, ಮಕ್ಕಳನ್ನು ತಂದುಕೊಂಡು ಕೂರುತ್ತಾರೆ. ಚುನಾವಣೆಯ ಮಾತನ್ನು ಯಾರೂ ಎತ್ತುವುದಿಲ್ಲ, ಆಟದ ನಡುವೆ ಅದು ಸಭ್ಯತೆಯಲ್ಲ. ತಾಹಿತಿಯಾಕೆ ಕೂಡ ಈ ವರ್ಷ ಬಂದು ನೋಡಿ, ನಮ್ಮ ದೇಶದ ದಾಖಲೆ ವ್ಯವಸ್ಥೆ ತನಗೆ ತುಂಬ ಹಿಡಿಸಿತೆಂದು, ಎಲ್ಲಿಯವರೆಗೆ ಹೀಗೇ ಇರುತ್ತದೋ ಅಲ್ಲಿಯವರೆಗೆ ತಾನೂ ಸಮಬಲದಲ್ಲೇ ಇರುತ್ತೇನೆಂದು ಹೇಳಿ ಹೋದಳು.

ಅಧ್ಯಕ್ಷರು ಉದಾರಿಗಳು. ಮೈದಾನದ ಬಾಗಿಲಲ್ಲಿ ಸಿಯೆನಿಯ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸಿದರು. ಹೆಸರು ಕೆತ್ತಿದರು. ಸಂಖ್ಯೆ ಇನ್ನೂ ಅಧಿಕೃತವಲ್ಲವಾದ್ದರಿಂದ ಅದನ್ನು ಸೀಮೆಸುಣ್ಣದಲ್ಲಿ ಬರೆದು ವಾರವಾರ ತಿದ್ದುವ ವ್ಯವಸ್ಥೆಯಾಯಿತು.

ಹೋದ ಶನಿವಾರ ಎರಡು ಗಂಟೆಗೆ ಮಳೆ ಬಂದು ನಿಂತಿತ್ತು. ಕಲ್ಲಿನ ಮೇಲೆ ಹೆಸರಿತ್ತು, ಸಂಖ್ಯೆ ಇರಲಿಲ್ಲ. ಗಲುವಾವೊ ಸೀಮೆಸುಣ್ಣ ತರಿಸಿ ಹಿಡಿದು ನಿಂತರು.

"ಎಷ್ಟಾಗಿತ್ತಮ್ಮ?"

"ನಡಾವಳಿಯಲ್ಲಿ ನಲವತ್ತೊಂಬತ್ತು ದೊರೆ," ಅಂದೆ.

ವಿಲಿಸೋನಿ ತಾನು ಸಮಯ ಮಾತ್ರ ಬರೆದುಕೊಳ್ಳುವುದೆಂದ. ಎಸೆಟಾ ಏಳುನೂರರ ಮೇಲೆ ಅಂದಳು. ಪಾದ್ರಿ ಸಾವಿರ ಅಂದರು. ಮಾನೈಮಾ ಕೊಡೆಯ ಕೆಳಗಿನಿಂದ, "ಯಾವುದಾದ್ರೂ ಒಂದು ಬರೀರಿ, ದೊಡ್ಡದಾಗಿ ಬರೀರಿ," ಅಂದಳು. ಸಿಯೆನಿ ಬೂಟಿನ ದಾರ ಕಟ್ಟುತ್ತಾ, "ನಾನು ಎಣಿಸೋದು ಬಿಟ್ಟು ವರ್ಷ ಆಯ್ತು," ಅಂದಳು.

"ಎಂಟುನೂರ ಹದಿಮೂರು," ಅಂದಳು ಮೆಲೆನೈತೆ, ಗೋಲಿನೊಳಗಿಂದ.

"ಅಷ್ಟು ಖಂಡಿತವಾಗಿ ಹೇಗೆ ಹೇಳ್ತೀಯಮ್ಮ?"

"ಒಂದು ಸಲಾನಾದ್ರೂ ನಿಮ್ಮಲ್ಲಿ ಯಾರಾದ್ರೂ ಬಗ್ಗಿ ಬಲೆಯಿಂದ ಚೆಂಡು ತೆಗೆದಿದ್ದೀರಾ?"

ಯಾರೂ ತೆಗೆದಿರಲಿಲ್ಲ. ಅಧ್ಯಕ್ಷರು ಎಂಟುನೂರ ಹದಿಮೂರು ಎಂದು ಬರೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸೀಮೆಸುಣ್ಣ ಹುಡುಕಲು ಹಿಡಿದ ಹನ್ನೊಂದು ನಿಮಿಷವನ್ನು ರೆಫರಿ ಪುಸ್ತಕದಲ್ಲಿ ಬರೆದುಕೊಂಡು, ಪಂದ್ಯಕ್ಕೆ ಸೇರಿಸಿ, ಸೀಟಿ ಊದಿದ.